ಎಡ ಗಾಲಿಯ ಕ್ಲಿಪ್ಪು

ಶನಿವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಶಂಕ್ರಪ್ಪ ಮಿಸ್ತ್ರಿ ನಟ್ಟು ಬೋಲ್ಟು ತೊಳೆಯುವ ಕಬ್ಬಿಣದ ಬುಟ್ಟಿಯ ಹಳೇ ಡೀಸೆಲ್ಲನ್ನು ಸೋಸಿ ಬೇರೆ ಡಬ್ಬಿಗೆ ಹಾಕುತ್ತಿದ್ದ. ಜರಡಿಯ ಮೇಲೆ ಉಳಿದ ಕಸದಲ್ಲಿ ಏನೋ ಹಳದಿಯಾಗಿ ಮಿಂಚಿತು. ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಕುದುರೆ ಲಾಳದ ಆಕಾರದ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಉಕ್ಕಿನ ಕ್ಲಿಪ್ಪು. ಹೊಚ್ಚ ಹೊಸದು.

ಅಂಥ ಹಳದಿ ಕ್ಲಿಪ್ಪು ಆ ಗ್ಯಾರೇಜಿಗೆ ಬಂದದ್ದು ಎರಡೇ ಎರಡು. ಎರಡೂ ಹಿರೇಕೆರೂರಿನ ಬೀಜದ ವ್ಯಾಪಾರಿ ಮಾಲತೇಶನ ಗಾಡಿಯವು. ಆ ಗಾಡಿ ಗುರುವಾರ ಸಂಜೆಯೇ ಹೊರಟುಹೋಗಿತ್ತು.

ಗಾಡಿ ಅಂದರೆ ಸಣ್ಣದಲ್ಲ. ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಹೋಗುವ ದೊಡ್ಡ ವ್ಯಾನು. ಮಾಲತೇಶ ಅದರೊಳಗೆ ಒಂದು ಮನೆಯನ್ನೇ ಕಟ್ಟಿಸಿದ್ದ: ಮಂಚ, ಒಲೆ, ನೀರಿನ ಟಾಕಿ, ನಾಲ್ಕು ದೊಡ್ಡ ಬ್ಯಾಟರಿ. ಎಲ್ಲ ಅವನ ತಾಯಿ ಮುದಕವ್ವನ ಸಲುವಾಗಿ. ಆಕೆಗೆ ಎರಡು ವರ್ಷದ ಹಿಂದೆ ಸೊಂಟದ ಎಲುಬು ಮುರಿದು, ಅರ್ಧ ತಾಸಿಗಿಂತ ಹೆಚ್ಚು ಕೂತಿರಲಾಗುತ್ತಿರಲಿಲ್ಲ. ಮಲಗಿಯೇ ಹೋಗುವಂತಿದ್ದರೆ ಒಂದು ಸಲ ಸಮುದ್ರ ನೋಡುತ್ತಿದ್ದೆ ಎಂದು ಆಕೆ ಯಾವಾಗಲೋ ಅಂದಿದ್ದಳು. ಹೋದ ವರ್ಷ ಕರೆದುಕೊಂಡು ಹೊರಟಾಗ ಅರಬೈಲು ಘಟ್ಟ ಇಳಿಯುವಲ್ಲಿ ಬ್ರೇಕು ಕಾದು ಹೊಗೆ ಬಂತು, ಪೆಡಲ್ಲು ಹಿಟ್ಟಿನ ಮುದ್ದೆಯಂತೆ ಮೆತ್ತಗಾಯಿತು. ಮಾಲತೇಶ ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಲ್ಲಿಸಿದ್ದ. ಗಾಡಿಯ ಭಾರ ಎರಡು ಟನ್ ಏರಿತ್ತು, ಬ್ರೇಕು ಮಾತ್ರ ಮೊದಲಿನದೇ ಇತ್ತು. ಅದಾದ ಮೇಲೆ ಮುದಕವ್ವ ಆ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದಳು.

ಹಾವೇರಿಯಿಂದ ಹುಬ್ಬಳ್ಳಿವರೆಗೆ ಯಾವ ಡ್ರೈವರನ್ನು ಕೇಳಿದರೂ ಬ್ರೇಕಿಗೆ ಶಿಗ್ಗಾಂವಿಯ ಶಂಕ್ರಪ್ಪನ ಹೆಸರು ಹೇಳುತ್ತಿದ್ದ ಕಾಲ. ಮಾಲತೇಶ ಅವನಲ್ಲಿಗೇ ಬಂದ. ಶಂಕ್ರಪ್ಪ ಒಂದು ತಿಂಗಳು ಹಿಡಿದು ಕೆಲಸ ಮಾಡಿದ. ಮುಂದಿನ ಗಾಲಿಗಳಿಗೆ ದೊಡ್ಡ ಡಿಸ್ಕು ತರಿಸಿದ. ಅವನ್ನು ಕೂರಿಸುವ ಪಟ್ಟಿಗಳನ್ನು ಸವಣೂರಿನಲ್ಲಿ ತನಗೆ ಕೆಲಸ ಕಲಿಸಿದ ಉಸ್ತಾದ ಶೇಖಸಾಬನ ಲೇತಿನಲ್ಲಿ ಕೊರೆಸಿದ. ಹೊಸ ಪ್ಯಾಡು, ಹೊಸ ಆಯಿಲ್ಲು, ಆಯಿಲ್ಲು ಹರಿಯುವ ಹೊಸ ರಬ್ಬರ್ ಪೈಪು. ಗುರುವಾರ ಹೆದ್ದಾರಿಯಲ್ಲಿ ಓಡಿಸಿ ನೋಡಿದಾಗ ಆ ಆನೆಯಂಥ ಗಾಡಿ ಕಾಲಿಟ್ಟಲ್ಲೇ ನಿಂತಿತ್ತು. ಮಾಲತೇಶ ಖುಷಿಯಾಗಿ ತಾಯಿಗೆ ಫೋನು ಹಚ್ಚಿ ಶಂಕ್ರಪ್ಪನ ಕಿವಿಗೆ ಹಿಡಿದ. ಹತ್ತಲೋ ಬೇಡವೋ ಎಂದು ಮುದಕವ್ವ ಕೇಳಿದಳು. ಹತ್ತಿರಿ, ಜವಾಬ್ದಾರಿ ನನ್ನದು ಎಂದು ಶಂಕ್ರಪ್ಪ ಹೇಳಿದ್ದ.

ಈಗ ಆ ಜವಾಬ್ದಾರಿ ಅವನ ಅಂಗೈಯಲ್ಲಿ ಬಿದ್ದಿತ್ತು. ಬ್ರೇಕಿನ ರಬ್ಬರ್ ಪೈಪನ್ನು ಗಾಲಿಯಿಂದ ದೂರ ಹಿಡಿದಿಡುವುದು ಅದೇ ಕ್ಲಿಪ್ಪು. ಅದಿಲ್ಲದಿದ್ದರೆ ಪೈಪು ಜೋತು ಬೀಳುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಸ್ಟೇರಿಂಗ್ ಪೂರಾ ತಿರುಗಿಸಿದಾಗಲೆಲ್ಲ ಟಾಯರು ಬಂದು ಪೈಪನ್ನು ಉಜ್ಜುತ್ತದೆ. ಪೈಪು ಹರಿದರೆ ಮುಂದಿನ ಎರಡೂ ಬ್ರೇಕು ಹೋದವು. ಹಿಂದಿನವೆರಡೇ ಆ ಭಾರವನ್ನು ಘಟ್ಟದಲ್ಲಿ ತಡೆಯಲಾರವು. ಘಟ್ಟದಲ್ಲಿ ಇರುವುದೆಲ್ಲ ತಿರುವೇ.

ಅವನು ಮಾಲತೇಶನಿಗೆ ಫೋನು ಹಚ್ಚಿದ. ಬಂದ್ ಆಗಿತ್ತು. ಮತ್ತೆ ಹಚ್ಚಿದ. ಬಂದ್. ಮುಂಗಾರಿನ ಬೀಜಕ್ಕೆ ಏಪ್ರಿಲ್ಲಿನಲ್ಲೇ ಗಿರಾಕಿಗಳು ಜೀವ ತಿನ್ನುತ್ತಾರೆ, ಪ್ರವಾಸಕ್ಕೆ ಹೋದರೆ ಫೋನು ಬಂದ್ ಮಾಡಿಡುತ್ತೇನೆ ಎಂದು ಮಾಲತೇಶ ಹೇಳಿದ್ದು ನೆನಪಾಯಿತು.

ಪಕ್ಕದ ಅಂಗಡಿ ತರನ್ನುಮಳದು. ಶೇಖಸಾಬನ ಮಗಳು, ಮೂವತ್ತೈದರ ಹೆಣ್ಣುಮಗಳು, ಗಾಡಿಗಳ ಸೀಟು ಹೊಲಿಯುವ ಕೆಲಸ. ಮುದಕವ್ವನ ಮಂಚದ ಗಾದಿ ಹೊಲಿದವಳೂ ಅವಳೇ. ಅಳತೆ ಕೇಳಲು ಮಾಲತೇಶನ ಹೆಂಡತಿ ರಂಜನಾಳ ನಂಬರು ಇಟ್ಟುಕೊಂಡಿದ್ದಳು. ಶಂಕ್ರಪ್ಪನ ಮುಖ ನೋಡಿ ಹೊಲಿಗೆ ಬಿಟ್ಟು ಎದ್ದು ಬಂದಳು. ಫೋನು ಹಚ್ಚಿದರೆ ಎತ್ತಿದ್ದು ಹಿರೇಕೆರೂರಿನ ಮನೆಗೆಲಸದ ಗುತ್ತೆವ್ವ. ಅಕ್ಕಾರು ಫೋನು ಚಾರ್ಜಿಗಿಟ್ಟು ಮರೆತು ಹೋಗಿದ್ದಾರೆ ಅಂದಳು. ಎಂಟಕ್ಕೇ ಹೊರಟರಂತೆ. ಅಬಲೂರಿನಲ್ಲಿ ಮುದಕವ್ವನ ತವರಿನ ದೇವರಿಗೆ ಕಾಯಿ ಒಡೆಸಿ, ಹಾನಗಲ್ಲಿನ ತಾರಕೇಶ್ವರನಿಗೆ ಕೈಮುಗಿದು, ಸಿರ್ಸಿ ದಾಟಿ ದೇವಿಮನೆ ಘಟ್ಟ ಇಳಿದು ಸಂಜೆಗೆ ಕುಮಟಾ ಮುಟ್ಟುವುದಂತೆ.

ತರನ್ನುಮ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ತನ್ನ ಓಮ್ನಿಯ ಚಾವಿ ತಗೊಂಡಳು. ಶಂಕ್ರಪ್ಪ ಜಾಕು, ನಟ್ಟು ತಿರುಗಿಸುವ ಪಾನಾ ಹಿಂದೆ ಒಗೆದು ಹತ್ತಿದ.

ಬಂಕಾಪುರದ ಹತ್ತಿರ ಹೆದ್ದಾರಿ ಬಿಟ್ಟು ಹಾನಗಲ್ಲಿನ ರಸ್ತೆ ಹಿಡಿದದ್ದೇ ಮಾವಿನಕಾಯಿಯ ಟೆಂಪೋಗಳು ಅಡ್ಡವಾದವು. ಒಂದನ್ನು ದಾಟಿದರೆ ಇನ್ನೊಂದು. ಶಂಕ್ರಪ್ಪ ತನ್ನ ಫೋನಿನಿಂದ ಮಾಲತೇಶನ ನಂಬರನ್ನು ಒತ್ತುತ್ತಲೇ ಇದ್ದ. ಪ್ರತಿ ಸಲ ಅದೇ ಹೆಣ್ಣಿನ ದನಿ, ನೀವು ಕರೆ ಮಾಡಿದ ಚಂದಾದಾರರು ಎಂದು ಶುರು ಮಾಡುತ್ತಿತ್ತು. ಅವನ ಕಣ್ಣಿಗೆ ಎಡಗಾಲಿ ಕಾಣುತ್ತಿತ್ತು. ಅಬಲೂರಿನ ಗುಡಿಯ ಮುಂದೆ ಗಾಡಿ ತಿರುಗಿಸಿರುತ್ತಾನೆ, ಒಂದು ಉಜ್ಜು. ಊರ ಸಂದಿಯಿಂದ ಹೊರಬಂದಿರುತ್ತಾನೆ, ಇನ್ನೊಂದು. ಹಾನಗಲ್ಲಿನ ಪೇಟೆಯಲ್ಲಿ ಎಷ್ಟೋ.

ತರನ್ನುಮ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು.

“ಕಾಕಾ, ನೀವು ಕ್ಲಿಪ್ ಬಿಡೋ ಮನಶ್ಯಾ ಅಲ್ಲ. ಏನಾಗೇತಿ, ಖರೇ ಹೇಳ್ರಿ.”

ಮುಂದಿನ ಟೆಂಪೋದಿಂದ ಹುಲ್ಲು ಹಾರಿ ಬಂದು ಗಾಜಿಗೆ ಬಡಿಯುತ್ತಿತ್ತು.

“ಬೆರಳಾಗ ಜೀವ ಇಲ್ಲವ್ವಾ ನನಗ,” ಅಂದ. “ದೀಪಾವಳಿಯಿಂದ.”

ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಬೆರಳ ತುದಿ ಮೊದಲು ಜುಮುಜುಮು ಅನ್ನುತ್ತಿದ್ದವು, ಆಮೇಲೆ ಅದೂ ನಿಂತಿತು. ಚಹಾದ ಗ್ಲಾಸು ಬಿಸಿಯೋ ತಣ್ಣಗೋ ತುಟಿಗೆ ಹಚ್ಚಿದ ಮೇಲೇ ಗೊತ್ತಾಗುತ್ತಿತ್ತು. ಕಣ್ಣಿಗೆ ಕಾಣುವ ಕೆಲಸವನ್ನು ಕಣ್ಣಿನಿಂದಲೇ ಮಾಡಿ ತೂಗಿಸಿದ. ಆದರೆ ಬ್ರೇಕಿನ ಕೆಲಸದಲ್ಲಿ ಕಣ್ಣು ಮುಟ್ಟದ ಜಾಗಗಳೇ ಬಹಳ. ಅಲ್ಲಿ ಬೆರಳೇ ಕಣ್ಣು. ಬುಧವಾರ ಎಡಗಾಲಿಯ ಹಿಂದೆ ಕೈ ತೂರಿಸಿ ಕ್ಲಿಪ್ಪನ್ನು ಒತ್ತಿದಾಗ ಟಕ್ ಎಂದಿತ್ತು. ಕೂತಿತು ಅಂದುಕೊಂಡ. ಕೂತ ಸಪ್ಪಳವಲ್ಲ, ಕೆಳಗಿನ ಬುಟ್ಟಿಗೆ ಬಿದ್ದ ಸಪ್ಪಳ ಅದು. ಮೊದಲಿನ ಶಂಕ್ರಪ್ಪನಾಗಿದ್ದರೆ ಬೆರಳಾಡಿಸಿ ಅಲ್ಲೇ ಹಿಡಿಯುತ್ತಿದ್ದ.

ತರನ್ನುಮ ಬೈಯಲಿಲ್ಲ. ತನ್ನ ಅಬ್ಬಾ ಶೇಖಸಾಬನಿಗೆ ಗೊತ್ತಿದೆಯೇ ಎಂದಷ್ಟೇ ಕೇಳಿದಳು. ಯಾರಿಗೂ ಗೊತ್ತಿಲ್ಲ, ಮನೆಯಲ್ಲಿ ಹೆಂಡತಿ ಫಕ್ಕೀರವ್ವನಿಗೂ ಹೇಳಿಲ್ಲ ಅಂದ. ಆಮೇಲೆ ತರನ್ನುಮ ಇನ್ನೂ ಜೋರಾಗಿ ಓಡಿಸಿದಳು.

ಹಾನಗಲ್ಲು ಮುಟ್ಟಿದಾಗ ಹನ್ನೆರಡಾಗಿತ್ತು. ಗುಡಿಯ ಮುಂದೆ ಆ ಗಾಡಿ ಇರಲಿಲ್ಲ. ಹೂವು ಮಾರುವ ಹೆಣ್ಣುಮಗಳನ್ನು ಕೇಳಿದರು. ಮನೆಯಂಥ ಗಾಡಿ ತಾನೇ, ಬಂದಿತ್ತು, ಮುದುಕಿಯನ್ನು ಮಗ ಎತ್ತಿಕೊಂಡು ಒಳಗೆ ಹೋದ, ಹೋಗಿ ಅರ್ಧ ತಾಸಿನ ಮೇಲಾಯಿತು ಎಂದಳು. ಇಲ್ಲೇ ತಿರುಗಿಸಿದರು, ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾಯಿತು ಎಂದೂ ಹೇಳಿದಳು. ಶಂಕ್ರಪ್ಪ ಆ ಜಾಗಕ್ಕೆ ಹೋಗಿ ಬಗ್ಗಿ ನೋಡಿದ. ಮಣ್ಣಿನಲ್ಲಿ ಅಗಲವಾದ ಟಾಯರಿನ ಗುರುತು ಒಂದರ ಮೇಲೊಂದು ಬಿದ್ದಿತ್ತು. ಆಯಿಲ್ಲಿನ ಹನಿ ಹುಡುಕಿದ. ಕಾಣಲಿಲ್ಲ. ಇಲ್ಲವೆಂದು ಸಮಾಧಾನ ಪಡಲೂ ಧೈರ್ಯ ಸಾಲಲಿಲ್ಲ.

ಬೆನ್ನು ಹತ್ತಿದರೆ ಓಮ್ನಿ ಆ ಗಾಡಿಯನ್ನು ಹಿಡಿಯುವುದು ಕಷ್ಟ. ಸಿರ್ಸಿ ಒಂದು ತಾಸಿನ ದಾರಿ, ಅದರಾಚೆ ಘಟ್ಟ. ಎದುರಿನಿಂದ ಬರುವವರು ಯಾರಾದರೂ ನಿಲ್ಲಿಸಬೇಕು. ಎದುರಿನಿಂದ ಬರುವುದು ಬಸ್ಸು. ಶಂಕ್ರಪ್ಪ ಬಸ್‌ಸ್ಟ್ಯಾಂಡಿಗೆ ಓಡಿದ.

ಅಲ್ಲಿನ ಕಂಟ್ರೋಲರ್ ನೀಲಪ್ಪ ಗುರುತಿನವನು. ಮಾತು ತಡವರಿಸುತ್ತಿದ್ದ ಶಂಕ್ರಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದ. ಸಂಗತಿ ತಿಳಿದದ್ದೇ, ಸಿರ್ಸಿಯಿಂದ ಹನ್ನೆರಡಕ್ಕೆ ಬಿಟ್ಟ ಬಸ್ಸಿನ ಕಂಡಕ್ಟರನಿಗೆ ಫೋನು ಹಚ್ಚಿದ. ದೊಡ್ಡ ಬಿಳಿ ಗಾಡಿ, ಮೇಲೆ ನೀರಿನ ಟಾಕಿ, ಕಂಡಲ್ಲಿ ಅಡ್ಡ ಹಾಕಿ ಎಂದು ಹೇಳಿ ಇಟ್ಟ.

ಆಮೇಲೆ ಕಾಯುವುದು. ಕಂಟ್ರೋಲರ್ ಕೋಣೆಯ ಕಿಟಕಿಗೆ ಪಾಸು ಕೇಳುವವರು, ಅಕ್ಕಿಆಲೂರಿನ ಬಸ್ಸು ಎಷ್ಟೊತ್ತಿಗೆ ಎನ್ನುವವರು ಬರುತ್ತಿದ್ದರು. ನೀಲಪ್ಪ ಅವರಿಗೆ ಉತ್ತರ ಕೊಡುತ್ತ ಕಣ್ಣನ್ನು ಫೋನಿನ ಮೇಲೇ ಇಟ್ಟಿದ್ದ. ಶಂಕ್ರಪ್ಪ ಕ್ಲಿಪ್ಪನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದ. ಮುದಕವ್ವ ಮಂಚದ ಮೇಲೆ ಮಲಗಿ ಕಿಟಕಿಯಿಂದ ಗಿಡಗಳನ್ನು ನೋಡುತ್ತಿರಬಹುದು. ಇಳಿಜಾರಿನಲ್ಲಿ ಗಾಡಿ ಕೈಮೀರಿದರೆ ಆಕೆಗೆ ಎದ್ದು ಕೂರಲೂ ಆಗುವುದಿಲ್ಲ. ತರನ್ನುಮ ಅವನ ಮುಷ್ಟಿಯನ್ನು ಹಿಡಿದು ಬಿಡಿಸಿದಳು. ಕ್ಲಿಪ್ಪು ಅಂಗೈಯನ್ನು ಕೊಯ್ದು ರಕ್ತ ಬೆರಳಿನವರೆಗೆ ಹರಿದಿತ್ತು. ಹಸಿಯಾದದ್ದೂ ಅವನ ಬೆರಳಿಗೆ ತಿಳಿದಿರಲಿಲ್ಲ.

ಇಪ್ಪತ್ತೈದು ನಿಮಿಷದ ಮೇಲೆ ಫೋನು ಬಡಿದುಕೊಂಡಿತು. ಸಿರ್ಸಿ ಇನ್ನೂ ಹದಿನೈದು ಕಿಲೋಮೀಟರ್ ಇರುವಾಗ ರಸ್ತೆಯ ಬದಿಯ ಕೆರೆಯ ದಂಡೆಗೆ ಗಾಡಿ ನಿಂತಿದೆ, ಕಟ್ಟಿಕೊಂಡು ಬಂದ ಬುತ್ತಿ ಉಂಡಿದ್ದಾರೆ, ಈಗ ಹೊರಡುವ ತಯಾರಿ ನಡೆದಿದೆ ಎಂದ ಕಂಡಕ್ಟರು. ಫೋನನ್ನು ಮಾಲತೇಶನಿಗೆ ಕೊಟ್ಟ. ನೀಲಪ್ಪ ತನ್ನದನ್ನು ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಟ್ಟ. ಕಿಟಕಿಯಲ್ಲಿ ನಾಲ್ಕೈದು ಡ್ರೈವರುಗಳು ಆಗಲೇ ಬಂದು ನಿಂತಿದ್ದರು.

ಶಂಕ್ರಪ್ಪ ಕ್ಲಿಪ್ಪಿನ ಮಾತು ಹೇಳಿದ. ಮಾಲತೇಶ ನಕ್ಕ.

“ಮಿಸ್ತ್ರಿ, ಬ್ರೇಕ್ ಕಲ್ಲಿನಂಗ ಹಿಡ್ಯಾಕತ್ತಾವ. ಸುಮ್ಮ ಯಾಕ ಹೆದರ್ತಿ? ಕ್ಲಿಪ್ಪಿನ ಜಾಗಾದಾಗ ನಾ ಒಂದ್ ತಂತಿ ಬಿಗೀತೇನಿ. ಅವ್ವ ಸಮುದ್ರ ಸಮುದ್ರ ಅನ್ನಾಕತ್ತಾಳ, ಹೊತ್ತು ಮುಣಗೂದ್ರೊಳಗ ಮುಟ್ಟಬೇಕು.”

ತಂತಿ ಉಳಿಯುವುದಿಲ್ಲ ಎಂದ ಶಂಕ್ರಪ್ಪ. ಸಿರ್ಸಿಯಲ್ಲಿ ಯಾರಿಗಾದರೂ ತೋರಿಸುತ್ತೇನೆ ಎಂದ ಮಾಲತೇಶ. ಆ ಮಾತಿನ ಹಗುರತನದಿಂದಲೇ ಶಂಕ್ರಪ್ಪನಿಗೆ ಗೊತ್ತಾಯಿತು, ತೋರಿಸುವುದಿಲ್ಲ. ಅತ್ತ ಎಂಜಿನ್ನು ಶುರುವಾದ ಸಪ್ಪಳ ಕೇಳಿಸಿತು. ಬ್ರೇಕು ಇಷ್ಟು ಚೆನ್ನಾಗಿ ಹಿಡಿಯುತ್ತಿರುವಾಗ ಮಾಲತೇಶ ಯಾಕಾದರೂ ನಂಬಬೇಕು? ಅವನು ನಂಬಿದ್ದು ಶಂಕ್ರಪ್ಪನ ಕೈಯನ್ನು. ಆ ನಂಬಿಕೆಯ ಜೋರಿನ ಮೇಲೇ ಗಾಡಿ ಹೊರಟಿತ್ತು. ಅದನ್ನು ಕಿತ್ತರೆ ಮಾತ್ರ ನಿಲ್ಲುತ್ತದೆ.

ಕಿಟಕಿಯಲ್ಲಿ ನಿಂತ ಮುಖಗಳನ್ನು ಅವನು ನೋಡಿದ. ಅವರಲ್ಲಿ ಇಬ್ಬರು ಅವನ ಗಿರಾಕಿಗಳು.

“ಸಾವ್ಕಾರ್ರ, ನನ್ನ ಬೆರಳು ಸತ್ತಾವ,” ಅಂದ. “ಆರು ತಿಂಗಳಾತು. ಬಿಸಿ ತಿಳೀದುಲ್ಲ, ಥಂಡಿ ತಿಳೀದುಲ್ಲ, ನಟ್ ಹತ್ತೇತೋ ಇಲ್ಲೋ ತಿಳೀದುಲ್ಲ. ನಿಮ್ಮ ಗಾಡಿ ಕೆಲಸ ಕುರುಡ ಮಾಡಿದಂಗ ಮಾಡೇನಿ. ಒಂದ್ ಕ್ಲಿಪ್ ಬಿಟ್ಟದ್ದು ಗೊತ್ತಾಗೇತಿ. ಮತ್ತ ಏನೇನ ಬಿಟ್ಟೇನೋ ನನಗ ಗೊತ್ತಿಲ್ಲ. ಮುಚ್ಚಿಟ್ಟು ಎಲ್ಲಾರ್ನೂ ಮೋಸ ಮಾಡೇನಿ. ನನ್ನ ಕೈ ನಂಬಿ ಅವ್ವಾರನ್ನ ಘಟ್ಟಾ ಇಳಸಬ್ಯಾಡ್ರಿ.”

ಅತ್ತ ಎಂಜಿನ್ನು ಬಂದಾಯಿತು. ಮಾಲತೇಶ, ಬಾ, ನಿಂತಿರುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟ.

ಕೆರೆಯ ದಂಡೆ ಮುಟ್ಟುವಾಗ ಒಂದೂವರೆ ದಾಟಿತ್ತು. ಮಾಲತೇಶ ಗಾಡಿಯ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಎದ್ದು ಬರಲಿಲ್ಲ. ಶಂಕ್ರಪ್ಪ ಸ್ಟೇರಿಂಗನ್ನು ಪೂರಾ ತಿರುಗಿಸಲು ತರನ್ನುಮಳಿಗೆ ಹೇಳಿ, ಎಡಗಾಲಿಯ ಹಿಂದೆ ಬಗ್ಗಿ, ಫೋನಿನ ಬೆಳಕು ಬಿಟ್ಟು ನೋಡಿದ. ಪೈಪಿನ ಮೇಲಿನ ಕರಿ ರಬ್ಬರು ಬೆರಳುದ್ದ ಸವೆದು ಹೋಗಿತ್ತು. ಒಳಗಿನ ಬಿಳಿ ನೂಲು ಹೊರಬಿದ್ದು ತುಂಡು ತುಂಡಾಗಿ ನಿಂತಿತ್ತು. ಆ ನೂಲಿನ ಮೇಲೆ ಆಯಿಲ್ಲಿನ ಒಂದು ಹನಿ ಕೂಡಿಬಂದು, ಬೀಳದೆ ತೂಗುತ್ತಿತ್ತು.

ಅವನು ಸರಿದು ಜಾಗ ಕೊಟ್ಟ. ಮಾಲತೇಶ ಬಗ್ಗಿ ನೋಡಿ, ಎದ್ದು, ಶಂಕ್ರಪ್ಪನ ಅಂಗಿಯನ್ನು ಎದೆಯ ಹತ್ತಿರ ಹಿಡಿದ. ಹೊಡೆಯುತ್ತಾನೆ ಎಂದು ತರನ್ನುಮ ನಡುವೆ ಬಂದಳು. ಅವನು ಹೊಡೆಯಲಿಲ್ಲ. ಅಂಗಿ ಬಿಟ್ಟು ಕೆರೆಯ ಕಡೆ ಹೋಗಿ ಬೆನ್ನು ಮಾಡಿ ನಿಂತ. ರಂಜನಾ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದಳು.

ಒಳಗಿನಿಂದ ಮುದಕವ್ವ ಏನಾಯಿತು ಎಂದು ಕೂಗಿ ಕೇಳುತ್ತಿದ್ದಳು. ಶಂಕ್ರಪ್ಪ ಚಪ್ಪಲಿ ಬಿಟ್ಟು ಗಾಡಿ ಹತ್ತಿ, ಮಂಚದ ಕಾಲ ಹತ್ತಿರ ನಿಂತು, ತಾನು ಯಾರು, ಏನು ಮಾಡಿದೆ ಎಂಬುದನ್ನೆಲ್ಲ ಹೇಳಿದ. ಆಕೆ ಅವನ ಮುಖವನ್ನೇ ನೋಡುತ್ತ ಕೇಳಿದಳು.

“ಬಂದು ಹೇಳಿದಿ. ಅದು ಛಲೋ ಆತು,” ಅಂದಳು. “ಆದ್ರ ಜವಾಬ್ದಾರಿ ನಂದು ಅಂತ ಫೋನಿನಾಗ ಅಂದಿಯಲ್ಲೊ ತಮ್ಮಾ, ಆವಾಗ ನಿನಗ ಬೆರಳಿಂದು ಗೊತ್ತಿತ್ತಲ್ಲ.”

ಹೌದು ಎಂದು ಅವನು ತಲೆಯಾಡಿಸಿದ. ಆಕೆ ಕಿಟಕಿಯ ಕಡೆ ಹೊರಳಿದಳು.

ಕಂಟ್ರೋಲರ್ ನೀಲಪ್ಪನೇ ಸಿರ್ಸಿಗೆ ಹೇಳಿ, ಅಲ್ಲಿನ ಅಂಗಡಿಯಿಂದ ಹೊಸ ಪೈಪನ್ನು ಮುಂದಿನ ಬಸ್ಸಿನಲ್ಲಿ ಕಳಿಸಿದ. ಮಾಲತೇಶ ಶಂಕ್ರಪ್ಪನಿಗೆ ಗಾಡಿ ಮುಟ್ಟಗೊಡಲಿಲ್ಲ. ಅದು ನ್ಯಾಯವೇ. ತರನ್ನುಮ ದುಪಟ್ಟಾ ಸೊಂಟಕ್ಕೆ ಬಿಗಿದು ಗಾಲಿಯ ಹಿಂದೆ ಮಲಗಿದಳು. ದಬ್ಬಣ ಹಿಡಿದು ಪಳಗಿದ ಬೆರಳು ಅವಳದು. ಶಂಕ್ರಪ್ಪ ದೂರ ಕೂತು ಬಾಯಿಂದ ಹೇಳಿದ: ಪಾನಾ ಎಷ್ಟು ತಿರುಗಬೇಕು, ಯಾವಾಗ ಬಿಗಿ ಸಿಗುತ್ತದೆ, ಕ್ಲಿಪ್ಪಿನ ತುದಿ ಅದರ ಕಚ್ಚಿಗೆ ಬಿತ್ತೋ ಇಲ್ಲವೋ. ಬಿತ್ತು ಕಾಕಾ, ಅಲುಗಾಡುವುದಿಲ್ಲ ಎಂದಳು. ಇನ್ನೊಂದು ಸಲ ನೋಡು ಎಂದ. ನೋಡಿದಳು. ಆಮೇಲೆ ನಾಲ್ಕೂ ಗಾಲಿಯ ಒಂದೊಂದೇ ನಟ್ಟನ್ನು ಅವಳಿಂದ ತಡವಿಸಿದ. ಬಲಗಾಲಿಯಲ್ಲಿ ಒಂದು ಬೋಲ್ಟು ಅರ್ಧ ಸುತ್ತು ಸಡಿಲಿತ್ತು. ಅದನ್ನು ಕೇಳಿ ಮಾಲತೇಶ ನೆಲ ನೋಡಿದ.

ಅವರು ಘಟ್ಟ ಇಳಿಯಲಿಲ್ಲ. ಸಂಜೆಯ ಬಿಸಿಲಿನಲ್ಲಿ ಗಾಡಿಯನ್ನು ಬಂದ ದಾರಿಗೇ ತಿರುಗಿಸಿ, ಎತ್ತಿನ ಗಾಡಿಯಂತೆ ನಿಧಾನಕ್ಕೆ ಹಿರೇಕೆರೂರಿಗೆ ಹೊರಟರು. ಹೋಗುವಾಗ ಯಾರೂ ಅವನ ಕಡೆ ಕೈ ಎತ್ತಲಿಲ್ಲ. ಮುದಕವ್ವನ ಸಮುದ್ರ ಅಲ್ಲಿಗೇ ನಿಂತಿತು.

ಮನೆಗೆ ಬಂದು ಶಂಕ್ರಪ್ಪ ಹೆಂಡತಿಗೆ ಎಲ್ಲ ಹೇಳಿದ. ಫಕ್ಕೀರವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಕೇಳಿದಳು. ಸಂಕ್ರಾಂತಿಯಲ್ಲಿ ಅವನ ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು, ಅವನಿಗೆ ಖಬರೇ ಇರಲಿಲ್ಲ, ಆ ದಿನವೇ ತನಗೆ ತಿಳಿಯಿತು ಅಂದಳು.

“ನೀವ ಹೇಳ್ತೀರಿ ಅಂತ ಕಾಯ್ಕೋತ ಕುಂತೆ. ನಾನೂ ತಪ್ಪು ಮಾಡಿದೆ,” ಎಂದು ಅತ್ತಳು.

ಸುದ್ದಿ ಅವನಿಗಿಂತ ಮೊದಲೇ ಊರಿಗೆ ಬಂದಿತ್ತು. ಕಂಟ್ರೋಲರ್ ಕೋಣೆಯ ಕಿಟಕಿಯಲ್ಲಿ ನಿಂತವರು ಡ್ರೈವರುಗಳು. ಸೋಮವಾರ ಗ್ಯಾರೇಜಿಗೆ ಒಂದೂ ಗಾಡಿ ಬರಲಿಲ್ಲ. ಶಂಕ್ರಪ್ಪ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ನಂಬರುಗಳ ಮುಂದೆ ನಿಂತ. ಮಾಲತೇಶನದನ್ನು ಬಿಟ್ಟು, ದೀಪಾವಳಿಯಿಂದ ಈಚೆ ಅವನು ಬ್ರೇಕು ಮಾಡಿದ ಗಾಡಿಗಳು ಇಪ್ಪತ್ತಮೂರು. ಒಂದೊಂದಕ್ಕೂ ಫೋನು ಹಚ್ಚಿ ಅದೇ ಮಾತು ಹೇಳಿದ: ನನ್ನ ಬೆರಳಲ್ಲಿ ಖಬರಿರಲಿಲ್ಲ, ಗಾಡಿ ತೋರಿಸಿರಿ. ಸವಣೂರಿನಿಂದ ಶೇಖಸಾಬ ಬಂದು ಗ್ಯಾರೇಜಿನಲ್ಲಿ ಕೂತ. ಎಪ್ಪತ್ತು ದಾಟಿದ ಮುದುಕ, ಕಣ್ಣು ಮಂದ, ಆದರೆ ಬೆರಳು ನೆಟ್ಟಗಿದ್ದವು. ಶಿಷ್ಯನಿಗೆ ಬೈಯಬೇಕಾದದ್ದನ್ನೆಲ್ಲ ಮೊದಲ ದಿನವೇ ಬೈದು ಮುಗಿಸಿ, ಆಮೇಲೆ ಗಾಡಿಯ ಕೆಳಗೆ ಕೈ ಹಾಕಿದ.

ಇಪ್ಪತ್ತೆರಡು ಗಾಡಿ ಬಂದವು. ಕೆಲವರು ಬೈದರು, ಒಬ್ಬ ಅವನ ಮುಂದೆಯೇ ಉಗುಳಿದ. ಹತ್ತೊಂಬತ್ತು ಸರಿಯಿದ್ದವು. ಮೂರರಲ್ಲಿ ತಪ್ಪಿತ್ತು. ಆ ಮೂರರಲ್ಲಿ ಒಂದು ಶಾಲೆಯ ಮಕ್ಕಳ ಟೆಂಪೋ. ಆ ದಿನ ಶಂಕ್ರಪ್ಪ ಊಟ ಮಾಡಲಿಲ್ಲ.

ಉಳಿದದ್ದು ಯಲವಿಗಿಯ ಒಬ್ಬ ಹಾಲಿನವನ ಗಾಡಿ. ಅವನು ಫೋನು ಎತ್ತಲಿಲ್ಲ. ಐದು ದಿನ ಹಚ್ಚಿದ ಮೇಲೆ ಶಂಕ್ರಪ್ಪ ಬಸ್ಸು ಹಿಡಿದು ಹೋದ, ತರನ್ನುಮಳೂ ಪಾನಾದ ಚೀಲ ಹಿಡಿದು ಜೊತೆಗೆ ಬಂದಳು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಹಾಲಿನವನ ಮನೆ. ಅವನು ಕ್ಯಾನು ತೊಳೆಯುತ್ತಿದ್ದ. ಗಾಡಿ ಸರಿ ಇದೆ, ಯಾರ ಉಪಕಾರವೂ ಬೇಡ, ಹೋಗು ಎಂದ. ಶಂಕ್ರಪ್ಪ ಹೋಗಲಿಲ್ಲ. ಅವನ ಅಂಗಳದ ಕಟ್ಟೆಯ ಮೇಲೆ ಕೂತ. ಬಿಸಿಲು ಏರಿತು. ಹಾಲಿನವನ ಹೆಂಡತಿ ಎರಡು ಸಲ ಹೊರಗೆ ಬಂದು ನೋಡಿ ಒಳಗೆ ಹೋದಳು. ಮೂರನೆಯ ಸಲ ನೀರಿನ ತಂಬಿಗೆ ತಂದಿಟ್ಟು, ಗಂಡನ ಕಡೆ ತಿರುಗಿ, ಮನುಷ್ಯ ಅಷ್ಟು ದೂರದಿಂದ ಬಂದಿದ್ದಾನೆ, ಒಮ್ಮೆ ನೋಡಿದರೆ ಗಾಡಿಯೇನು ಸವೆಯುತ್ತದೆಯೇ ಎಂದಳು.

ಹಾಲಿನವ ಚಾವಿಯನ್ನು ಕಟ್ಟೆಯ ಮೇಲೆ ಒಗೆದ. ತರನ್ನುಮ ಜಾಕು ಏರಿಸಿ ಗಾಲಿ ಬಿಚ್ಚಿ ಒಳಗೆ ಕೈ ಹಾಕಿದಳು. ಶಂಕ್ರಪ್ಪ ಪಕ್ಕದಲ್ಲಿ ಮಣ್ಣಿನ ಮೇಲೆ ಅಂಗಾತ ಮಲಗಿ, ತನಗೆ ಕಾಣದ ಜಾಗಗಳ ಹೆಸರನ್ನು ಒಂದೊಂದಾಗಿ ಹೇಳುತ್ತ ಹೋದ. ಪ್ರತಿ ಜಾಗಕ್ಕೂ ಅವಳ ಬೆರಳು ಮುಟ್ಟಿ ಉತ್ತರ ಬರುವವರೆಗೆ ಉಸಿರು ಹಿಡಿದಿರುತ್ತಿದ್ದ.